ಪುಳಿಯೋಗರೆಯ ದೂರದ ನೆಂಟ: ಮನೆಯಲ್ಲೇ ಪ್ಯಾಡ್ ಥಾಯ್

ನಾಗಪುರದ ಬೀದಿಗಳಲ್ಲಿ ತರ್ರಿ ಪೋಹಾ ಮತ್ತು ಸಾವಜಿ ಖಾರದ್ದೇ ದರ್ಬಾರು. ಥಾಯ್ ಅಡುಗೆ ಬೇಕೆಂದರೆ ದೊಡ್ಡ ಹೋಟೆಲಿಗೇ ಹೋಗಬೇಕು ಎಂದುಕೊಳ್ಳುವವರೇ ಹೆಚ್ಚು. ಆದರೆ ಪ್ಯಾಡ್ ಥಾಯ್‌ಗೆ ಬೇಕಾದ ಸಾಮಾನಿನ ಪಟ್ಟಿ ನೋಡಿ: ಹುಣಸೆಹಣ್ಣು, ತಾಳೆಬೆಲ್ಲ, ಕಡಲೆಕಾಯಿ, ಒಣಮೆಣಸು. ನಮ್ಮ ಪುಳಿಯೋಗರೆ ಗೊಜ್ಜಿನ ಡಬ್ಬಿಗಳೇ ಅಲ್ಲವೇ? ಇಲ್ಲಿನ ಕಿರಾಣಿ ಅಂಗಡಿಯಲ್ಲಿ ಅವನ್ನೇ ಚಿಂಚ್, ಗೂಳ್, ಶೇಂಗದಾಣೆ ಎಂದು ಕೇಳಬೇಕು, ಅಷ್ಟೇ.

ಈ ತಿನಿಸು ಬಹಳ ಪುರಾತನವೇನಲ್ಲ. ಅಕ್ಕಿ ಶ್ಯಾವಿಗೆಯನ್ನು ಬಾಣಲೆಯಲ್ಲಿ ಹುರಿಯುವ ಪದ್ಧತಿ ಚೀನೀ ವಲಸಿಗರದು. 1938ರಲ್ಲಿ ಪ್ರಧಾನಿಯಾದ ಫಿಬುನ್ ಸೋಂಗ್‌ಕ್ರಾಮ್ ಮರುವರ್ಷ ‘ಸಯಾಮ್’ ದೇಶದ ಹೆಸರನ್ನು ಥಾಯ್ಲೆಂಡ್ ಎಂದು ಬದಲಿಸಿದರು. ಶ್ಯಾವಿಗೆ ತಿನ್ನಿ ಎಂದು ಅವರ ಸರ್ಕಾರ ಪ್ರಚಾರವನ್ನೂ ಮಾಡಿತು. ವಲಸಿಗರ ಅಡುಗೆಗೆ ಸ್ಥಳೀಯ ಹುಳಿ, ಸಿಹಿ, ಖಾರ ಸೇರಿ ಕೊನೆಗೆ ಅದೇ ರಾಷ್ಟ್ರೀಯ ತಿನಿಸಾಯಿತು.

ನಮ್ಮದು ಸಸ್ಯಾಹಾರಿ ಮನೆ. ಮೀನಿನ ಸಾಸ್, ಒಣಸೀಗಡಿ ಎರಡೂ ಇಲ್ಲ. ಹಾಗಾದರೆ ನಾನು ಮಾಡುವುದು ಪ್ಯಾಡ್ ಥಾಯ್ ಹೌದೋ ಅಲ್ಲವೋ? ಥಾಯ್ಲೆಂಡಿನಲ್ಲೇ ‘ಜೇ’ ಎಂಬ ಸಸ್ಯಾಹಾರ ಪದ್ಧತಿಯಿದೆ. ಅದರಲ್ಲಿ ಉಪ್ಪಿನ ರುಚಿಗೆ ಸೋಯಾ ಸಾಸ್ ಬಳಸುತ್ತಾರೆ. ಹಾಗಾಗಿ ನನಗೆ ಸಂಕೋಚವಿಲ್ಲ.

ಇಬ್ಬರಿಗೆ ಬೇಕಾದದ್ದು: ಅಗಲ ಎಳೆಯ ಒಣ ಅಕ್ಕಿ ನೂಡಲ್ಸ್ 150 ಗ್ರಾಂ, ಸಣ್ಣ ನಿಂಬೆ ಗಾತ್ರದ ಹುಣಸೆಹಣ್ಣು, ಬೆಲ್ಲದ ಪುಡಿ 2 ದೊಡ್ಡ ಚಮಚ, ಸೋಯಾ ಸಾಸ್ 2 ದೊಡ್ಡ ಚಮಚ, ತೋಫು ಅಥವಾ ಪನೀರ್ 100 ಗ್ರಾಂ, ಮೊಳಕೆ ಹೆಸರುಕಾಳು ಒಂದು ಹಿಡಿ, ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ 4 ಎಸಳು, ಹುರಿದು ತರಿಯಾಗಿ ಕುಟ್ಟಿದ ಕಡಲೆಕಾಯಿ, ಒಣಮೆಣಸಿನ ಪುಡಿ, ನಿಂಬೆಹಣ್ಣು.

ನೂಡಲ್ಸನ್ನು ಬೇಯಿಸಬೇಡಿ. ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ. ಬೆರಳಿಗೆ ಬಾಗಬೇಕು, ಆದರೆ ಕಚ್ಚಿದರೆ ಗಟ್ಟಿ ಇರಬೇಕು. ಉಳಿದದ್ದು ಬಾಣಲೆಯಲ್ಲಿ ಬೇಯುತ್ತದೆ. ಹುಣಸೆಯ ಗಟ್ಟಿ ರಸ, ಬೆಲ್ಲ, ಸೋಯಾ ಸಾಸ್ ಸೇರಿಸಿ ಬೆಲ್ಲ ಕರಗುವವರೆಗೆ ಕುದಿಸಿ. ನಾಲಿಗೆಗೆ ಮೊದಲು ಹುಳಿ, ನಂತರ ಸಿಹಿ, ಕೊನೆಗೆ ಉಪ್ಪು ತಾಗಬೇಕು. ಗೊಜ್ಜು ಕುದಿಸಿ ಪಳಗಿದ ಕೈಗೆ ಇದನ್ನು ಹೇಳಿಕೊಡಬೇಕಿಲ್ಲ.

ಬಾಣಲೆ ಚೆನ್ನಾಗಿ ಕಾದ ಮೇಲೆ ಎಣ್ಣೆ ಹಾಕಿ ತೋಫು ಕೆಂಪಗೆ ಹುರಿಯಿರಿ. ಬೆಳ್ಳುಳ್ಳಿ ಸೇರಿಸಿ, ಘಮ್ಮೆಂದೊಡನೆ ನೂಡಲ್ಸ್ ಮತ್ತು ಸಾಸ್ ಹಾಕಿ. ಉರಿ ಜೋರಾಗಿರಲಿ. ಗಟ್ಟಿ ಎನಿಸಿದರೆ ನೀರು ಚಿಮುಕಿಸಿ. ಎಳೆಗಳು ಮೆತ್ತಗಾಗಿ ಸಾಸ್ ಹೀರಿಕೊಂಡಾಗ ಮೊಳಕೆಕಾಳು, ಈರುಳ್ಳಿ ಸೊಪ್ಪು ಹಾಕಿ ಒಂದು ನಿಮಿಷ ತಿರುವಿ ಇಳಿಸಿ. ನಮ್ಮ ಮೊಳಕೆಕಾಳು ಥಾಯ್ ಮೊಳಕೆಯಷ್ಟು ಉದ್ದ, ಎಳಸು ಅಲ್ಲ. ಮೊದಲೇ ಬಿಸಿನೀರಿನಲ್ಲಿ ಎರಡು ನಿಮಿಷ ಇಟ್ಟು ಬಸಿದರೆ ಹಸಿವಾಸನೆ ಬರದು.

ಒಂದು ಸಲಕ್ಕೆ ಇಬ್ಬರಿಗಿಂತ ಹೆಚ್ಚು ಜನರಿಗೆ ಮಾಡಬೇಡಿ. ಬಾಣಲೆ ತುಂಬಿದರೆ ಶಾಖ ಇಳಿದು, ನೂಡಲ್ಸ್ ಹುರಿಯುವ ಬದಲು ಬೆಂದು ಮುದ್ದೆಯಾಗುತ್ತದೆ. ನೆಂಟರು ಬಂದರೆ ಸರದಿಯ ಮೇಲೆ ಬಡಿಸಿ, ದೋಸೆ ಹಾಕಿದ ಹಾಗೆ.

ಮೇಲೆ ಕಡಲೆಕಾಯಿ, ಮೆಣಸಿನ ಪುಡಿ, ಪಕ್ಕದಲ್ಲಿ ನಿಂಬೆ ಹೋಳು. ಕಿತ್ತಳೆಯ ಊರಾದರೂ ಇದಕ್ಕೆ ನಿಂಬೆಯೇ ಸರಿ. ವಲಸೆ ಬಂದವರ ಅಡುಗೆ ಸಿಕ್ಕ ಸಾಮಾನಿನೊಂದಿಗೆ ರಾಜಿಯಾಗುತ್ತಲೇ ಬೆಳೆಯುತ್ತದೆ. ನಿಮ್ಮೂರಿನಲ್ಲಿ ಸಿಗುವುದರಲ್ಲೇ ಒಮ್ಮೆ ಮಾಡಿ ನೋಡಿ.