ಕುಲುಮೆಯೂ ಪೇಟೆಯೂ

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ನನ್ನ ಬಾಲ್ಯ ಕಳೆಯಿತು. ಮನೆಗೆ ಹೊಸ ಕತ್ತಿ ಬೇಕಾದಾಗಲೆಲ್ಲ ಹಿರಿಯರೊಳಗೆ ಒಂದು ಚರ್ಚೆ ನಡೆಯುತ್ತಿತ್ತು. ಊರಿನ ಆಚಾರಿಯಿಂದ ಮಾಡಿಸುವುದೇ, ಪೇಟೆಯಿಂದ ತರುವುದೇ? ಪೇಟೆಯ ಕತ್ತಿ ನುಣುಪಾದುದು, ಇಂದೇ ಕೈಗೆ ಸಿಗುವಂಥದು. ಆಚಾರಿಯದಕ್ಕೆ ಎಂಟು ದಿನ ಕಾಯಬೇಕು. ಅದರ ಬಾಯಿ ಮಡಚಿದರೂ ಮಡಚೀತು. ಆದರೆ ಯಾರೂ ಕೊಳ್ಳದೆ ಹೋದರೆ ಕುಲುಮೆಯೇ ಆರಿಹೋಗುತ್ತದೆ. ಆಮೇಲೆ ಪೇಟೆಯ ಕತ್ತಿಯನ್ನು ಹದಗೊಳಿಸುವವನೂ ಇರುವುದಿಲ್ಲ.

ರಾಷ್ಟ್ರವೊಂದು ತನ್ನ ಸೈನ್ಯಕ್ಕೆ ಆಯುಧ ಕೊಳ್ಳುವಾಗಲೂ ಏಳುವುದು ಇದೇ ಪ್ರಶ್ನೆ. ನಮ್ಮ ಬೆಂಗಳೂರಿನಲ್ಲಿಯೇ ಇದಕ್ಕೊಂದು ನಿದರ್ಶನವಿದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ಸಹಯೋಗದಿಂದ ಅಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದರು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮಾರ್ಗದರ್ಶನದಲ್ಲಿ ಆ ಕಾರ್ಖಾನೆ ರೂಪಿಸಿದ ‘ಮಾರುತ’ ಯುದ್ಧವಿಮಾನ 1961ರ ಜೂನ್‌ನಲ್ಲಿ ಆಕಾಶಕ್ಕೇರಿತು. ದೇಹ ನಮ್ಮದು, ಹೃದಯವೆನಿಸಿದ ಇಂಜಿನ್ ಮಾತ್ರ ಬ್ರಿಟನ್ನಿನ ವಿನ್ಯಾಸದ್ದು. ಶಬ್ದದ ಎರಡು ಪಟ್ಟು ವೇಗವನ್ನು ಗುರಿಯಾಗಿಟ್ಟ ವಿಮಾನಕ್ಕೆ ಆ ಇಂಜಿನ್ನಿನ ಬಲ ಸಾಲದು. ಹೆಚ್ಚು ಬಲದ ಇಂಜಿನ್ ಸಿದ್ಧವಾಗಬೇಕಾದರೆ ನಾವೂ ಹಣ ಹೂಡಬೇಕಿತ್ತು, ಹೂಡಲಿಲ್ಲ. ಬಲ ಹೆಚ್ಚಿಸಿದ ಮಾದರಿಯೊಂದನ್ನು ಪರೀಕ್ಷಿಸುತ್ತಿದ್ದಾಗ, 1970ರ ಜನವರಿಯಲ್ಲಿ, ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಪ್ರಾಣ ತೆತ್ತರು. ಬೆಂಗಳೂರಿನ ರಸ್ತೆಯೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಆ ಕೊರತೆಯೊಡನೆಯೇ ಮಾರುತವು 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಭೂಸೇನೆಗೆ ಬೆಂಬಲವಾಗಿ ಹೋರಾಡಿತು. ಆದರೂ 147 ವಿಮಾನಗಳಿಗೆ ಅದರ ನಿರ್ಮಾಣ ನಿಂತಿತು; 1990ರಲ್ಲಿ ಅದು ಸೇವೆಯಿಂದ ಮರೆಯಾಯಿತು. ಮುಂದಿನ ಸ್ವದೇಶಿ ಯುದ್ಧವಿಮಾನ ‘ತೇಜಸ್’ ಮೊದಲ ಬಾರಿ ಹಾರಿದ್ದು 2001ರ ಜನವರಿಯಲ್ಲಿ. ಮೊದಲ ಹಾರಾಟದಿಂದ ಮೊದಲ ಹಾರಾಟಕ್ಕೆ ನಾಲ್ವತ್ತು ವರ್ಷ! ಕುಲುಮೆ ಆರಿದರೆ ಮತ್ತೆ ಹೊತ್ತಿಸಲು ತಗಲುವ ಕಾಲ ಅದು.

ತೇಜಸ್ಸಿನ ಹೃದಯವೂ ಪರದೇಶದ್ದೇ. ಕಾವೇರಿ ಎಂಬ ಸ್ವಂತ ಇಂಜಿನ್ನಿನ ಯೋಜನೆಗೆ 1989ರಲ್ಲಿ ಮಂಜೂರಾತಿ ದೊರೆತರೂ ಅದು ತೇಜಸ್ಸಿಗೆ ಒದಗಲಿಲ್ಲ. 2021ರಲ್ಲಿ ವಾಯುಸೇನೆ 83 ಸುಧಾರಿತ ತೇಜಸ್ ವಿಮಾನಗಳನ್ನು ಬಯಸಿತು. ಅವುಗಳಿಗೆ ಬೇಕಾದ ಮೊದಲ ಇಂಜಿನ್ ಅಮೆರಿಕದಿಂದ ಬಂದದ್ದು, ನಿಗದಿತ ಅವಧಿ ಮೀರಿ, 2025ರ ಮಾರ್ಚ್‌ನಲ್ಲಿ.

ಹಾಗೆಂದು ಪರದೇಶದಿಂದ ಕೊಳ್ಳುವುದೆಲ್ಲ ದೇಶದ್ರೋಹವೆನ್ನಲಾದೀತೆ? ಶತ್ರು ಗಡಿಯಲ್ಲಿ ನಿಂತಿರುವಾಗ ಎಂಟು ದಿನ ಕಾಯಿರಿ ಎಂದು ಸೈನಿಕನಿಗೆ ಹೇಳಲಾಗದು. ಮೊಂಡು ಕತ್ತಿಯನ್ನು ಸ್ವದೇಶಾಭಿಮಾನದ ಹೆಸರಿನಲ್ಲಿ ಅವನ ಕೈಗಿಡುವುದೂ ನ್ಯಾಯವಲ್ಲ. ಅಭಿಮಾನ ನಮ್ಮದು, ಪ್ರಾಣ ಅವನದು. ಇಂದಿನ ಅವಸರಕ್ಕೆ ಪೇಟೆಯಿಂದ ತರೋಣ. ಆದರೆ ಅದೇ ದಿನ ಕುಲುಮೆಗೂ ಕೆಲಸ ಕೊಡೋಣ. ಕೊಟ್ಟ ಮೇಲೆ ನಡುವೆ ಕೈಬಿಡದಿರೋಣ.

ಈಗ ಮೂಡುಬಿದಿರೆಯ ನನ್ನ ಮನೆಯ ಹಿತ್ತಲಲ್ಲಿ ಅಂದಿನ ಕತ್ತಿಯೊಂದು ಇನ್ನೂ ಇದೆ. ಅದನ್ನು ಮಸೆದುಕೊಳ್ಳಬಲ್ಲೆ. ಹದಗೊಳಿಸಬೇಕಾದರೆ ಮಾತ್ರ ಎಲ್ಲಿಗೆ ಒಯ್ಯಲಿ? ಊರಿನ ಆ ಕುಲುಮೆ ಆರಿ ಬಹುಕಾಲವಾಯಿತು.