ಕೆರೆಯ ಮಣ್ಣು, ಸೀರೆಯ ನೆರಿಗೆ

ಕರಗ ಹೊರುವವರು ಗಂಡಸರು. ಹೊರುವ ರಾತ್ರಿ ಅವರು ಸೀರೆ ಉಡುತ್ತಾರೆ, ಕೈತುಂಬ ಬಳೆ ತೊಡುತ್ತಾರೆ, ಕಣ್ಣಿಗೆ ಕಾಡಿಗೆ ತೀಡಿಕೊಳ್ಳುತ್ತಾರೆ, ಹೆಂಡತಿಯ ತಾಳಿಯನ್ನು ತಮ್ಮ ಕೊರಳಿಗೆ ಹಾಕಿಕೊಳ್ಳುತ್ತಾರೆ. ಆ ಹೊತ್ತಿನಿಂದ ಅವರು ದ್ರೌಪದಿ. ಕತ್ತಿ ಹಿಡಿದ ವೀರಕುಮಾರರು ಗೋವಿಂದನಾಮ ಕೂಗುತ್ತ ಸುತ್ತುವರಿಯುತ್ತಾರೆ. ತಲೆಯ ಮೇಲಿನ ಮಲ್ಲಿಗೆಯ ಗೋಪುರ ಬೀದಿಯಿಂದ ಬೀದಿಗೆ ಸಾಗುತ್ತದೆ. ಬೆಂಗಳೂರಿನ ಕರಗ ಹೆಸರುವಾಸಿಯಾದದ್ದು. ಆದರೆ ಕೋಲಾರ, ಮಾಲೂರು, ಬಂಗಾರಪೇಟೆ ಸೀಮೆಯಲ್ಲೂ ಬೇಸಿಗೆ ಬಂತೆಂದರೆ ಕರಗದ ರಾತ್ರಿಗಳು ಬಂದವೆಂದೇ ಅರ್ಥ. ನೀರು ಚಿಮುಕಿಸಿದ ಅಂಗಳ, ತಟ್ಟೆಯಲ್ಲಿ ಮಲ್ಲಿಗೆ, ನಿಂಬೆಹಣ್ಣು, ಅಮ್ಮನ ಹೆಗಲ ಮೇಲೆ ತೂಕಡಿಸುವ ಮಕ್ಕಳು. ಕರಗ ತಿರುವಿನಲ್ಲಿ ಕಂಡಾಗ, ಗಂಡಸು ಸೀರೆ ಉಟ್ಟಿದ್ದಾನೆಂದು ಯಾರೂ ನಗುವುದಿಲ್ಲ. ಕೈ ಮುಗಿಯುತ್ತಾರೆ.

ಅಮೆರಿಕದಲ್ಲಿ ವಿನ್ ವೈಲಿ ಎಂಬ ಕಲಾವಿದರು ‘ಪ್ಯಾಟಿ ಗೋನಿಯಾ’ ಎಂಬ ಹೆಣ್ಣುವೇಷದಲ್ಲಿ ಕಾಡು, ನದಿ, ಹವಾಮಾನದ ಪರವಾಗಿ ನಡೆಸುವ ಡ್ರ್ಯಾಗ್ ಪ್ರದರ್ಶನಗಳ ಬಗ್ಗೆ ತಿಳಿದಾಗ ನನ್ನ ಮನಸ್ಸು ನೇರ ಹೋದದ್ದು ಈ ಬೀದಿಗಳಿಗೆ. ಹಾಗೆಂದು ಕರಗವನ್ನು ಡ್ರ್ಯಾಗ್ ಎಂದು ಕರೆಯುವ ಧಾರ್ಷ್ಟ್ಯ ನನಗಿಲ್ಲ. ಅದು ವ್ರತ, ಒಂದು ಸಮುದಾಯದ ಕುಲಾಚಾರ. ಆದರೂ ಹೆಣ್ಣುಡುಗೆ ತೊಟ್ಟ ಗಂಡುದೇಹ, ಸುತ್ತ ನೆರೆದ ಸಮುದಾಯ ಮತ್ತು ಈ ನೆಲದ ನೀರು ಮೂರೂ ಒಟ್ಟಿಗೆ ಬರುವುದನ್ನು ನಾವು ಮೊದಲು ಕಂಡದ್ದು ಇಲ್ಲೇ. ಅಲ್ಲಿಂದ ಇಂದಿನ ವೇದಿಕೆಯವರೆಗೆ ದಾರಿ ಹೇಗೆ ಬಂತೆಂದು ನೋಡಬೇಕೆನಿಸಿತು.

ಕರಗದ ಬೇರು ಕೆರೆಯಲ್ಲಿದೆ. ಬೆಂಗಳೂರಿನಲ್ಲಿ ಹಸಿ ಕರಗಕ್ಕೆ, ಅಂದರೆ ಹಸಿ ಮಣ್ಣಿನ ಕೊಡಕ್ಕೆ, ಸಂಪಂಗಿ ಕೆರೆಯ ಮಣ್ಣೇ ಆಗಬೇಕು. ಕರಗ ನಡೆಸುವ ತಿಗಳರು ತೋಟಗಾರರು, ಹೂವು, ಸೊಪ್ಪು, ತರಕಾರಿ ಬೆಳೆದು ಪೇಟೆಗೆ ಕೊಟ್ಟವರು. ಕೆರೆಯಿಲ್ಲದೆ ಅವರ ತೋಟವಿಲ್ಲ, ತೋಟವಿಲ್ಲದೆ ಮಲ್ಲಿಗೆಯಿಲ್ಲ. ಸಂಪಂಗಿ ಕೆರೆಗೆ ಏನಾಯಿತೆಂಬುದನ್ನು ಹಿತಾ ಉನ್ನಿಕೃಷ್ಣನ್, ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಹಳೆಯ ನಕ್ಷೆ, ಕಡತಗಳನ್ನು ಹಿಡಿದು ಅಧ್ಯಯನ ಮಾಡಿದ್ದಾರೆ. ಕೊಳಾಯಿ ನೀರು ಬಂದ ಮೇಲೆ ಊರಿಗೆ ಕೆರೆ ಬೇಡವಾಯಿತು. ಕ್ರಮೇಣ ಬತ್ತಿಸಿದ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕರಗಕ್ಕೆಂದು ಉಳಿದದ್ದು ಕ್ರೀಡಾಂಗಣದ ಬದಿಯ ಒಂದು ಪುಟ್ಟ ಕೊಳ. ದೇವಿ ವರ್ಷಕ್ಕೊಮ್ಮೆ ಹುಟ್ಟುವುದಕ್ಕೆ ಎಷ್ಟು ನೀರು ಬೇಕೋ ಅಷ್ಟನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ನಗರ ನುಂಗಿತು. ಆಚರಣೆಯ ಹೆಸರಿನಲ್ಲಿ ಅಷ್ಟಾದರೂ ಉಳಿಯಿತಲ್ಲ ಎಂದು ಸಮಾಧಾನ ಪಡುವವರಿದ್ದಾರೆ. ನನಗೆ ಅದು ಸಮಾಧಾನವೆನಿಸುವುದಿಲ್ಲ.

ಕೋಲಾರ ಜಿಲ್ಲೆಯ ಕಥೆ ಇನ್ನೂ ಬಿಗಿ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಹಿರಿಯರು ಸಾವಿರಾರು ಕೆರೆಗಳನ್ನು ಒಂದಕ್ಕೊಂದು ಕೋಡಿ ಸೇರುವಂತೆ ಕಟ್ಟಿ ಬದುಕಿದರು. ಪಾಲಾರ್ ನದಿಗೆ ಅಡ್ಡವಾಗಿರುವ ಬೇತಮಂಗಲದ ಕೆರೆಯೇ ಚಿನ್ನದ ಗಣಿಯ ಊರಾದ ಕೆಜಿಎಫ್‌ಗೆ ಕುಡಿಯುವ ನೀರು ಕೊಟ್ಟದ್ದು. ಕೊಳವೆಬಾವಿಗಳು ಪಾತಾಳ ಸೇರಿದ ಮೇಲೆ, 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಚರಂಡಿ ನೀರು ಎರಡು ಹಂತದ ಶುದ್ಧೀಕರಣ ಕಂಡು ಇಲ್ಲಿನ ಕೆರೆಗಳಿಗೆ ಹರಿಯತೊಡಗಿತು. ಯೋಜನೆಯ ಗುರಿ ದಿನಕ್ಕೆ 440 ದಶಲಕ್ಷ ಲೀಟರ್. ಬತ್ತಿದ ಕೆರೆಗಳು ತುಂಬಿದವು, ಬಾವಿಗಳಲ್ಲಿ ನೀರು ಕಂಡಿತು; ಮೂರನೇ ಹಂತದ ಶುದ್ಧೀಕರಣ ಬೇಕೇಬೇಕು ಎಂಬ ಹೋರಾಟ ನ್ಯಾಯಾಲಯದ ಮೆಟ್ಟಿಲೇರಿತು. ಮಣ್ಣಿನಿಂದಲೇ ದೇವಿಯನ್ನು ಮಾಡುವ ಜನರಿಗೆ ಕೆರೆಗೆ ಬರುವ ನೀರು ಎಂಥದ್ದು ಎಂಬುದು ಬರಿಯ ನೀರಾವರಿ ಇಲಾಖೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಬೆಂಗಳೂರಿನ ಕರಗ ಚೈತ್ರ ಹುಣ್ಣಿಮೆಗೆ. ಹಲವು ವರ್ಷ ಅದೇ ಹುಣ್ಣಿಮೆಗೆ ತಮಿಳುನಾಡಿನ ವಿಲ್ಲುಪುರಂ ಕಡೆಯ ಕೂವಾಗಂನಲ್ಲಿ ಕೂತಾಂಡವರ್ ಜಾತ್ರೆ. ಕುರುಕ್ಷೇತ್ರದಲ್ಲಿ ಬಲಿಯಾಗಲಿರುವ ಅರಾವಾನನನ್ನು ಕೃಷ್ಣ ಮೋಹಿನಿಯಾಗಿ ಮದುವೆಯಾದ ಕಥೆ ಅದು. ದೇಶದ ಮೂಲೆಮೂಲೆಯಿಂದ ಬಂದ ತಿರುನಂಗೈಯರು, ಅಂದರೆ ಟ್ರಾನ್ಸ್ ಮಹಿಳೆಯರು, ತಾಳಿ ಕಟ್ಟಿಸಿಕೊಂಡು, ಮರುದಿನ ಬಳೆ ಒಡೆದು, ಬಿಳಿ ಸೀರೆ ಉಟ್ಟು ಅಳುತ್ತಾರೆ. ಇತ್ತ ಒಬ್ಬರು ದ್ರೌಪದಿ, ಅತ್ತ ಸಾವಿರಾರು ಮಂದಿ ಮೋಹಿನಿ. ಎರಡೂ ಮಹಾಭಾರತದ್ದೇ. ಕೆಜಿಎಫ್ ಈ ಎರಡರ ನಡುವಿನ ಊರು. ಗಣಿಗೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್ ಕಡೆಯಿಂದ ಬಂದ ತಮಿಳು ದಲಿತರು, ಜೊತೆಗೆ ಚಿತ್ತೂರು ಕಡೆಯ ತೆಲುಗರು. ಉತ್ತರ ಆರ್ಕಾಟ್ ತೆರುಕೂತ್ತಿನ ತವರು. ಗಂಡಸರೇ ದ್ರೌಪದಿಯಾಗಿ ರಾತ್ರಿಯಿಡೀ ಮುಡಿ ಬಿಚ್ಚಿ ಕುಣಿಯುವ ಆಟ ಅದು. ಈ ನೆಲಕ್ಕೆ ಹೆಣ್ಣುವೇಷ ಹೊಸತಾಗಿ ಬರಬೇಕಾದ್ದೇನೂ ಇಲ್ಲ.

ಹೊಸತಾಗಿ ಬಂದದ್ದು ಕಾನೂನು. 1871ರಲ್ಲಿ ಮೈಕೆಲ್ ಲಾವೆಲ್ ಎಂಬ ಐರಿಷ್ ಸೈನಿಕ ಚಿನ್ನ ಹುಡುಕುತ್ತ ಎತ್ತಿನ ಗಾಡಿಯಲ್ಲಿ ಕೋಲಾರದತ್ತ ಬಂದ. ಅದೇ ವರ್ಷ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಅದರ ಎರಡನೇ ಭಾಗ ಹಿಜ್ರಾ ಜನರ ಬಗ್ಗೆ: ಹೆಸರು, ಆಸ್ತಿ ನೋಂದಾಯಿಸಬೇಕು, ನೋಂದಾಯಿತರು ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಂಡರೆ, ಸಾರ್ವಜನಿಕವಾಗಿ ಕುಣಿದರೆ ವಾರಂಟ್ ಇಲ್ಲದೆ ಹಿಡಿಯಬಹುದು. ಆ ಭಾಗ ಹೆಚ್ಚಾಗಿ ಜಾರಿಯಾದದ್ದು ಉತ್ತರ ಭಾರತದಲ್ಲಿ, ಮೈಸೂರು ಸಂಸ್ಥಾನದಲ್ಲಲ್ಲ. ಆದರೆ ಅದು ಬಿಟ್ಟುಹೋದ ಅನುಮಾನದ ಕಣ್ಣು ಎಲ್ಲೆಡೆ ಹಬ್ಬಿತು. 2011ರಲ್ಲಿ ನಮ್ಮದೇ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿ, ಇದೇ ಜನರ ಪಟ್ಟಿಯನ್ನು ಪೊಲೀಸರು ಇಡಬಹುದೆಂದಿತು. ಸಮುದಾಯ ಹೈಕೋರ್ಟಿಗೆ ಹೋಗಿ ಹೋರಾಡಿದ ಮೇಲೆ, 2016ರಲ್ಲಿ ಆ ಕಲಮಿನ ಮಾತು ಬದಲಾಯಿತು. ಕೆಜಿಎಫ್ ಜನರಿಗೆ ಇಂಥ ಪಟ್ಟಿಯ ಅವಮಾನ ಚೆನ್ನಾಗಿ ಗೊತ್ತು. 1930ರಲ್ಲಿ ಗಣಿ ಕಂಪನಿಗಳು ಕಾರ್ಮಿಕರ ಬೆರಳಚ್ಚು ತೆಗೆದು ದಾಖಲಿಸಲು ಹೊರಟಾಗ, ನಾವೇನು ಕಳ್ಳರೇ ಎಂದು ಇಡೀ ಊರೇ ಕೆಲಸ ನಿಲ್ಲಿಸಿತ್ತು. ಈ ಎರಡು ಪ್ರತಿಭಟನೆಗಳನ್ನು ಜೊತೆಗಿಟ್ಟು ನೋಡುವುದು ನಮ್ಮಲ್ಲಿ ಕಡಿಮೆ.

ಉತ್ತರ ಕರ್ನಾಟಕದಲ್ಲಿ ಇದೇ ದಾರಿಯ ಇನ್ನೊಂದು ಕವಲು. ಸವದತ್ತಿ ಎಲ್ಲಮ್ಮನ ಕಥೆಯಲ್ಲಿ ರೇಣುಕೆ ದಿನವೂ ಹೊಳೆಯ ಹಸಿ ಮರಳಿನಿಂದ ಕೊಡ ಮಾಡಿ, ಹಾವನ್ನು ಸಿಂಬೆ ಸುತ್ತಿ, ನೀರು ಹೊತ್ತು ತರುತ್ತಾಳೆ. ಅವಳ ಮಗ ಪರಶುರಾಮನನ್ನು ಕೋಲಾರದ ಸ್ಥಳಪುರಾಣವೂ ತನ್ನವನೆಂದು ಹೇಳಿಕೊಳ್ಳುತ್ತದೆ. ಮುತ್ತು ಕಟ್ಟಿಸಿಕೊಂಡು ಎಲ್ಲಮ್ಮನಿಗೆ ಬಿಟ್ಟ ಜೋಗಪ್ಪ, ಜೋಗತಿಯರು ಆ ಕೊಡವನ್ನೇ ತಲೆಯ ಮೇಲೆ ಹೊತ್ತು ಚೌಡಿಕೆಯ ನಾದಕ್ಕೆ ಕುಣಿಯುತ್ತಾರೆ. ಇಲ್ಲಿಯೂ ನೀರು, ಮಣ್ಣು, ಸೀರೆ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಮಂಜಮ್ಮ ಜೋಗತಿ ಮನೆಯಿಂದ ದೂರವಾಗಿ, ಭಿಕ್ಷೆ ಬೇಡಿ, ಸಾಯಲು ಹೋಗಿ, ಕೊನೆಗೆ ಈ ಕುಣಿತದಲ್ಲಿ ನೆಲೆ ಕಂಡರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಓದಿದವರಿಗೆ ಗೊತ್ತು, ಗುಡಿಯ ಮುಂದೆ ಸಿಕ್ಕ ಗೌರವ ಊರ ಬಾಡಿಗೆ ಮನೆಯಲ್ಲಿ ಸಿಗುವುದಿಲ್ಲವೆಂದು. 2021ರ ನವೆಂಬರಿನಲ್ಲಿ ಒಂದು ದಿನದ ಅಂತರದಲ್ಲಿ ರಾಷ್ಟ್ರಪತಿ ಭವನದಲ್ಲಿ ಇಬ್ಬರು ಕನ್ನಡತಿಯರು ಪದ್ಮಶ್ರೀ ಪಡೆದರು: ಬರಿಗಾಲಲ್ಲಿ ನಡೆದುಬಂದ, ಕಾಡು ಬೆಳೆಸಿದ ಅಂಕೋಲೆಯ ತುಳಸಿ ಗೌಡ, ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದ ಮಂಜಮ್ಮ. ದೇಶ ಅವರನ್ನು ಬೇರೆ ಬೇರೆ ವಿಭಾಗಗಳಲ್ಲಿ ಸನ್ಮಾನಿಸಿತು. ಅವರು ಒಂದೇ ವೇದಿಕೆಯಲ್ಲಿ ನಿಂತಿದ್ದರೆ ಎಂದು ಆಗಾಗ ಕಲ್ಪಿಸಿಕೊಳ್ಳುತ್ತೇನೆ.

ಗುಡಿಯಿಂದ ಹೊರಬಂದ ವೇದಿಕೆ ನಮ್ಮಲ್ಲಿ ನಿಧಾನವಾಗಿ ರೂಪುಗೊಂಡಿತು. ಟ್ರಾನ್ಸ್ ಲೇಖಕಿ ಎ. ರೇವತಿ ಅವರ ಬದುಕಿನ ಕಥೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ಊರೂರಿಗೆ ನಾಟಕವಾಗಿ ಕೊಂಡೊಯ್ದಿತು. 2008ರಲ್ಲಿ ಬೆಂಗಳೂರಿನ ಪ್ರೈಡ್ ಮೆರವಣಿಗೆ ಶುರುವಾಯಿತು. 2014ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಗುರುತನ್ನು ಮಾನ್ಯ ಮಾಡಿದ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು ಬಂದ ವರ್ಷವೇ ಬೆಂಗಳೂರಿನ ಅಲೆಕ್ಸ್ ಮ್ಯಾಥ್ಯೂ ‘ಮಾಯಾ’ ಆಗಿ ಸೀರೆ ಉಟ್ಟು ಡ್ರ್ಯಾಗ್ ವೇದಿಕೆ ಹತ್ತಿದರು. 2018ರ ಸೆಪ್ಟೆಂಬರ್ 6ರಂದು ಸಲಿಂಗ ಪ್ರೇಮ ಅಪರಾಧವಲ್ಲವೆಂದಾಯಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ. ಇಷ್ಟಾದರೂ ಬೆಂಗಳೂರಿನ ಡ್ರ್ಯಾಗ್ ಹೆಚ್ಚಾಗಿ ಇಂಗ್ಲಿಷ್ ಮಾತಾಡುವ ಸಭಾಂಗಣಗಳಲ್ಲೇ ಉಳಿಯಿತೆಂಬುದು ನನ್ನ ದೂರು. ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವವರು ಅದರ ಪ್ರೇಕ್ಷಕರಾಗಲಿಲ್ಲ.

ಇನ್ನು ಅಮೆರಿಕದ ವೈಲಿ 2018ರಲ್ಲಿ ಎತ್ತರದ ಹಿಮ್ಮಡಿಯ ಬೂಟು ತೊಟ್ಟು ಬೆಟ್ಟದ ಹಾದಿಯಲ್ಲಿ ಕುಣಿದ ವಿಡಿಯೊದಿಂದ ಪ್ಯಾಟಿ ಗೋನಿಯಾ ಹುಟ್ಟಿತು. 2023ರಲ್ಲಿ ಅಲಾಸ್ಕಾದ ಕರಗುತ್ತಿರುವ ಎಕ್ಸಿಟ್ ಹಿಮನದಿಯ ನೆನಪಿಗೆ ಯೋ-ಯೋ ಮಾ ಅವರ ಸೆಲ್ಲೊ ವಾದನದೊಂದಿಗೆ, ಅಲಾಸ್ಕಾದ ಮೂಲನಿವಾಸಿ ಟ್ರಾನ್ಸ್ ಗಾಯಕ ಕ್ವಿನ್ ಕ್ರಿಸ್ಟೋಫರ್‌ಸನ್ ಅವರೊಂದಿಗೆ ಹಾಡು ಮಾಡಿದರು. ಅಲ್ಲಿಂದ ಊರೂರು ತಿರುಗುವ ಪ್ರದರ್ಶನ, ನಿಸರ್ಗ ಸಂಸ್ಥೆಗಳಿಗೆ ನಿಧಿ ಸಂಗ್ರಹ. ಜನ ಭಯದಿಂದ ಪರಿಸರದ ಮಾತು ಕೇಳುವುದಿಲ್ಲ, ಸಂಭ್ರಮದಿಂದ ಕೇಳುತ್ತಾರೆ ಎಂಬುದು ಆ ಕೆಲಸದ ತಿರುಳೆಂದು ನನಗೆ ಕಾಣುತ್ತದೆ. ನಮ್ಮ ಜಾತ್ರೆಗಳಿಗೆ ಇದು ಯಾವತ್ತಿನಿಂದಲೂ ಗೊತ್ತು. ಪ್ಯಾಟಿ ಗೋನಿಯಾ ಹೆಚ್ಚು ಮಾಡಿದ್ದೇನೆಂದರೆ, ವೇಷ ಕಳಚಿದ ಮೇಲೂ ಆ ದೇಹಕ್ಕೆ ಬಾಳುವ ಹಕ್ಕಿದೆಯೆಂದು ಅದೇ ಉಸಿರಿನಲ್ಲಿ ಹೇಳಿದ್ದು. ನಾವು ಕೆರೆಗೆ ಬಾಗಿನ ಕೊಟ್ಟ ಮರುದಿನ ಕಸ ಸುರಿಯುತ್ತೇವೆ. ಮಗು ಹುಟ್ಟಿದ ಮನೆಗೆ ಮಂಗಳಮುಖಿಯರ ಹರಕೆ ಬೇಕು, ಪಕ್ಕದ ಮನೆಗೆ ಅವರು ಬಾಡಿಗೆಗೆ ಬರುವುದು ಬೇಡ.

ಈ ಇಬ್ಬಂದಿತನವನ್ನು ಎತ್ತಿ ಹೇಳಲು ಕೆಜಿಎಫ್‌ಗಿಂತ ತಕ್ಕ ಜಾಗ ನನಗೆ ಹೊಳೆಯುವುದಿಲ್ಲ. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಕೊಟ್ಟ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಚಿನ್ನ ಹೋಯಿತು, ಅರೆದ ಕಲ್ಲಿನ ಪುಡಿ ಉಳಿಯಿತು. ಸೈನೈಡ್ ಗುಡ್ಡಗಳೆಂದು ಎಲ್ಲರೂ ಕರೆಯುವ ಆ ದಿಬ್ಬಗಳ ಧೂಳು ಗಾಳಿಕಾಲದಲ್ಲಿ ಕಾರ್ಮಿಕರ ಲೈನ್ ಮನೆಗಳ ಅನ್ನದ ತಟ್ಟೆಗೆ ಬೀಳುತ್ತದೆ. ಗಣಿಯೊಳಗೆ ಸಿಲಿಕೋಸಿಸ್‌ನಿಂದ ಶ್ವಾಸಕೋಶ ಕಳೆದುಕೊಂಡವರ ಮಕ್ಕಳು ಹೊರಗೆ ಇದೇ ಧೂಳು ಕುಡಿದು ಬೆಳೆದರು. ಸಿನಿಮಾದವರಿಗೆ ಅದು ಒಳ್ಳೆಯ ದೃಶ್ಯ. 2018ರ ‘ಕೆಜಿಎಫ್’ ಚಿತ್ರದಲ್ಲಿ ನೀವೂ ನೋಡಿದ್ದೀರಿ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ, ಸಾವಿರ ಎಕರೆಯಷ್ಟು ಹರಡಿರುವ 13 ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ದಿಬ್ಬ ಕರಗುತ್ತದೆಂಬ ಆಸೆಯಿದೆ, ಕೆಲಸ ಸಿಗುತ್ತದೆಂಬ ಆಸೆಯೂ ಇದೆ. ಅಗೆದಾಗ ಏಳುವ ಧೂಳಿನ ಅಂಜಿಕೆಯೂ ಇದೆ.

ಗಣಿಗಾರಿಕೆಗೆ ಮೊದಲು ಸಾಮಾನ್ಯವಾಗಿ ಜನರ ಅಹವಾಲು ಕೇಳುವ ಸಭೆ ನಡೆಯುತ್ತದೆ. ಮೇಜಿನ ಆಚೆ ಅಧಿಕಾರಿಗಳು, ಈಚೆ ಮೈಕಿಗಾಗಿ ಕಾಯುವ ಜನ. ಅಂಥ ಸಭೆಯ ಹಿಂದಿನ ರಾತ್ರಿ ಇಲ್ಲಿ ಒಂದು ಆಟ ನಡೆಯಬೇಕೆಂಬುದು ನನ್ನ ಆಸೆ. ತೆರುಕೂತ್ತಿನ ದ್ರೌಪದಿ, ಚೌಡಿಕೆ ಹಿಡಿದ ಜೋಗತಿ, ಬೆಂಗಳೂರಿನ ಡ್ರ್ಯಾಗ್ ಕಲಾವಿದರು, ಈ ಊರಿನದೇ ತಿರುನಂಗೈಯರು ತಮಿಳು, ತೆಲುಗು, ಕನ್ನಡ, ಉರ್ದುವಿನಲ್ಲಿ ಧೂಳು, ಕೆರೆ, ಬಾಡಿಗೆ ಮನೆಯ ಮಾತಾಡಲಿ. ಕರಗದವರನ್ನು ಕುಣಿಯಲು ಕರೆಯುವುದು ಬೇಡ, ಅದು ಅವರ ವ್ರತ; ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಲು ಕರೆಯೋಣ. ಚಾಂಪಿಯನ್ ರೀಫ್ ಕಡೆ ಒಂದು ಬಯಲು ಸಾಕು. ಹೊತ್ತು ಮಾತ್ರ ತಡವಾಗಿ ಇಡಬೇಕು, ಬೆಂಗಳೂರಿನಿಂದ ಕೂಲಿ ಮುಗಿಸಿ ಮರಳುವವರ ರೈಲು ಬಂಗಾರಪೇಟೆ ದಾಟಿ ಊರು ಸೇರಿದ ಮೇಲೆ.