ವಿದೇಶದ ಸರ್ಫ್ ಕ್ಯಾಂಪ್‌ಗೆ ಹೊರಟಿದ್ದೀರಾ? ತೋಟದ ಬಾವಿಯ ಈಜು ಸಮುದ್ರಕ್ಕೆ ಸಾಕಾಗುತ್ತಾ?

"ಈಜು ಬರದಿದ್ದರೂ ಚಿಂತೆ ಇಲ್ಲ, ಬೋರ್ಡ್ ತಾನೇ ತೇಲುತ್ತೆ." "ಸಮುದ್ರದ ನೀರು ಉಪ್ಪು, ಅದರಲ್ಲಿ ಅಷ್ಟು ಸುಲಭವಾಗಿ ಯಾರೂ ಮುಳುಗಲ್ಲ." "ಬಾಲಿ, ಶ್ರೀಲಂಕಾ ಎಲ್ಲಾ ಕಡೆ ವರ್ಷಪೂರ್ತಿ ಅಲೆ ಇರುತ್ತೆ, ರೇಟ್ ಕಡಿಮೆ ಇದ್ದಾಗ ಹೋಗಿಬಿಡಿ."

ವಿದೇಶಿ ಸರ್ಫ್ ಕ್ಯಾಂಪ್‌ಗಳ ರೀಲ್ಸ್ ಜೊತೆ ಇಂಥ ಮಾತುಗಳೂ ಮೊಬೈಲಿಗೆ ಬಂದು ಬೀಳುತ್ತವೆ. ನೋಡಲು ಚೆನ್ನಾಗಿರುತ್ತೆ, ಕೇಳಲು ಧೈರ್ಯ ಬರುತ್ತೆ. ಆದರೆ ಈ ಮೂರು ಮಾತುಗಳಲ್ಲಿ ಒಂದೂ ಪೂರ್ತಿ ನಿಜವಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಿಂದ ಸಮುದ್ರ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಇಲ್ಲಿ ಈಜು ಬರುತ್ತೆ ಅನ್ನುವವರಲ್ಲಿ ಬಹಳ ಜನ ಅದನ್ನು ಕಲಿತಿದ್ದು ತೋಟದ ಬಾವಿಯಲ್ಲಿ, ಕೆರೆಯಲ್ಲಿ. ಸೊಂಟಕ್ಕೆ ಸೋರೆ ಬುರುಡೆಯನ್ನೋ, ಜೋಡಿ ಒಣ ತೆಂಗಿನಕಾಯಿಯನ್ನೋ ಕಟ್ಟಿಕೊಂಡು ಕೈಕಾಲು ಬಡಿದು ಕಲಿತ ಈಜು ಅದು. ಒಳ್ಳೆಯ ಈಜೇ. ಆದರೆ ಸಮುದ್ರದ ಪರೀಕ್ಷೆಯೇ ಬೇರೆ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಸರ್ಫ್ ಕ್ಯಾಂಪ್ ಅಂದರೇನು?

ದಡದತ್ತ ಬರುವ ಅಲೆಯ ಮೇಲೆ ಹಲಗೆಯಂಥ ಬೋರ್ಡ್ ಇಟ್ಟು, ಅದರ ಮೇಲೆ ನಿಂತು ಜಾರುವ ಆಟವೇ ಸರ್ಫಿಂಗ್. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಬಾರಿಗೆ ಸ್ಪರ್ಧೆಯಾಗಿ ಸೇರಿತು. ಸರ್ಫ್ ಕ್ಯಾಂಪ್ ಅಂದರೆ ಸಮುದ್ರದ ಪಕ್ಕದಲ್ಲಿ ಕೆಲವು ದಿನ ಉಳಿದು, ಊಟ ವಸತಿಯ ಜೊತೆ ಈ ಆಟ ಕಲಿಯುವ ಪ್ಯಾಕೇಜ್. ಹೊಸಬರಿಗೆ ಮೇಲ್ಮೈ ಮೆತ್ತಗಿರುವ ಉದ್ದದ ಬೋರ್ಡ್ ಕೊಟ್ಟು, ಸೊಂಟದ ಮಟ್ಟದ ನೀರಿನಲ್ಲಿ, ಒಡೆದು ನೊರೆಯಾಗಿ ಬರುವ ಸಣ್ಣ ಅಲೆಗಳಲ್ಲಿ ಪಾಠ ಶುರು ಮಾಡುತ್ತಾರೆ.

ಪ್ಯಾಕೇಜ್ ಆರಿಸುವಾಗ ನಾವು ನೋಡುವುದು ರೂಮು, ಊಟ, ಫೋಟೋ, ರೇಟು. ನಿಮ್ಮ ಜೀವ ನಿಂತಿರುವುದು ಮಾತ್ರ ಬೇರೆ ಮೂರು ವಿಷಯಗಳ ಮೇಲೆ: ಆ ತಿಂಗಳಲ್ಲಿ ಅಲ್ಲಿನ ಅಲೆ ಹೇಗಿದೆ, ನೀರಿನಡಿ ಮರಳಿದೆಯೋ ಹವಳದ ಬಂಡೆ ಇದೆಯೋ, ನಿಮಗೆ ನಿಜವಾಗಿ ಎಷ್ಟು ಈಜು ಬರುತ್ತೆ.

ನಂಬಿಕೆ 1: ಬಾವಿಯಲ್ಲಿ ಈಜುವವನಿಗೆ ಸಮುದ್ರ ಯಾವ ಲೆಕ್ಕ?

ಬಾವಿಯ ನೀರು ನಿಂತ ನೀರು. ಸುಸ್ತಾದರೆ ಹತ್ತು ಕೈ ಹಾಕಿದರೆ ಮೆಟ್ಟಿಲು ಸಿಗುತ್ತೆ. ಸಮುದ್ರದ ನೀರು ಒಂದು ಕ್ಷಣವೂ ನಿಲ್ಲುವುದಿಲ್ಲ. ಅಲೆಗಳು ದಡಕ್ಕೆ ತಂದು ಸುರಿಯುವ ನೀರೆಲ್ಲ ಮತ್ತೆ ವಾಪಸ್ ಹೋಗಲೇಬೇಕು. ಅದು ಮರಳಿನ ದಿಬ್ಬಗಳ ನಡುವೆ ತಗ್ಗು ಇರುವ ಕಡೆ ಒಟ್ಟಾಗಿ, ಕಾಲುವೆಯಂತೆ ಸಮುದ್ರದೊಳಕ್ಕೆ ನುಗ್ಗುತ್ತೆ. ಇದಕ್ಕೆ ರಿಪ್ ಕರೆಂಟ್ ಅನ್ನುತ್ತಾರೆ.

ಸಾಮಾನ್ಯ ರಿಪ್‌ನ ವೇಗ ಸೆಕೆಂಡಿಗೆ ಅರ್ಧ ಮೀಟರ್ ಆಸುಪಾಸು. ಆದರೆ ಜೋರಾದಾಗ ಸೆಕೆಂಡಿಗೆ ಎರಡು ಮೀಟರ್ ದಾಟುವುದೂ ಉಂಟು. ಅಷ್ಟು ವೇಗದ ಎದುರು ಒಲಿಂಪಿಕ್ಸ್ ಈಜುಗಾರನೂ ದಡಕ್ಕೆ ಬರಲಾರ.

ಇದರಲ್ಲಿ ಒಂದು ಮೋಸವಿದೆ. ರಿಪ್ ಇರುವ ಜಾಗದಲ್ಲಿ ಅಲೆ ಕಡಿಮೆ ಒಡೆಯುತ್ತೆ. ಆಚೀಚೆ ಬಿಳಿ ನೊರೆ ಇದ್ದು, ನಡುವೆ ಒಂದು ಪಟ್ಟಿ ಮಾತ್ರ ಕಪ್ಪಾಗಿ, ಶಾಂತವಾಗಿ ಕಾಣುತ್ತೆ. ಸಮುದ್ರ ಗೊತ್ತಿಲ್ಲದವರು "ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ" ಅಂತ ಅಲ್ಲೇ ಇಳಿಯುತ್ತಾರೆ. ನದಿ ಸಮುದ್ರ ಸೇರುವ ಅಳಿವೆ, ಕಲ್ಲಿನ ತಡೆಗೋಡೆಗಳ ಪಕ್ಕದಲ್ಲೂ ಸೆಳೆತ ಜಾಸ್ತಿ.

ರಿಪ್ ಕಾಲು ಹಿಡಿದು ಕೆಳಕ್ಕೆ ಎಳೆಯುತ್ತೆ ಅನ್ನುವುದೂ ತಪ್ಪು. ಅದು ಎಳೆಯುವುದು ಸಮುದ್ರದ ಕಡೆಗೆ, ತಳಕ್ಕಲ್ಲ. ಹೆಚ್ಚಿನವರು ಸಾಯುವುದು ಗಾಬರಿಯಿಂದ ದಡದ ಕಡೆಗೇ ಈಜಿ ಈಜಿ ಸುಸ್ತಾಗಿ. ಹಾಗಾದರೆ ಸಿಕ್ಕಿಕೊಂಡಾಗ ಏನು ಮಾಡಬೇಕು? ನಮ್ಮ ಸೀಮೆಯ ಭಾಷೆಯಲ್ಲೇ ಹೇಳುವುದಾದರೆ, ಒಣ ತೆಂಗಿನಕಾಯಿಯ ಹಾಗೆ ಇರಬೇಕು. ತೆಂಗಿನಕಾಯಿ ಸಮುದ್ರದ ಜೊತೆ ಜಗಳ ಆಡುವುದಿಲ್ಲ. ನಾರಿನ ನಡುವಿನ ಗಾಳಿಯಿಂದ ತೇಲುತ್ತಾ ಹೋಗಿ, ಬೇರೆ ದಡ ಸೇರಿ ಅಲ್ಲಿ ಮೊಳೆಯುತ್ತೆ. ನೀವೂ ಮೊದಲು ಅಂಗಾತ ತೇಲಿ, ಉಸಿರು ಹಿಡಿತಕ್ಕೆ ತಂದುಕೊಳ್ಳಿ, ಕೈ ಎತ್ತಿ ಬೀಸಿ. ಶಕ್ತಿ ಇದ್ದರೆ ದಡದ ಕಡೆಗಲ್ಲ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಸೆಳೆತದ ಪಟ್ಟಿ ದಾಟಿದ ಮೇಲೆ, ಅಲೆ ಒಡೆಯುವ ಕಡೆಯಿಂದ ದಡಕ್ಕೆ ಬನ್ನಿ.

2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಹೋಗಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಸಮುದ್ರಪಾಲಾದರು. ಅವರು ಸರ್ಫಿಂಗ್‌ಗೆ ಹೋದವರಲ್ಲ, ನೀರಾಟಕ್ಕೆ ಇಳಿದವರು. ಬಯಲುಸೀಮೆಯಿಂದ ಹೋಗುವ ನಮಗೆಲ್ಲ ಆ ಸುದ್ದಿ ನೆನಪಿರಬೇಕು.

ನಂಬಿಕೆ 2: ಉಪ್ಪುನೀರು ತೇಲಿಸುತ್ತೆ, ಬೋರ್ಡ್ ಕಾಪಾಡುತ್ತೆ

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತೆ. ಅದರಿಂದ ಸಾಂದ್ರತೆ ಸಿಹಿನೀರಿಗಿಂತ ಶೇಕಡಾ 2.5ರಷ್ಟು ಮಾತ್ರ ಹೆಚ್ಚು. ತೇಲಲು ಸ್ವಲ್ಪ ಅನುಕೂಲ ನಿಜ, ಆದರೆ ಮುಳುಗದಂತೆ ತಡೆಯುವಷ್ಟಲ್ಲ. ಪೇಪರ್ ಓದುತ್ತಾ ತೇಲುವ ಫೋಟೋಗಳು ಬರುತ್ತವಲ್ಲ, ಅವು ಮೃತ ಸಮುದ್ರದವು. ಅಲ್ಲಿನ ಉಪ್ಪು ಮಾಮೂಲಿ ಸಮುದ್ರಕ್ಕಿಂತ ಸುಮಾರು ಹತ್ತು ಪಟ್ಟು.

ಇನ್ನು ಬೋರ್ಡ್. ಅದು ತೇಲುತ್ತೆ, ಅನುಮಾನವಿಲ್ಲ. ಅದನ್ನು ಒಂದು ಹಗ್ಗದಿಂದ ನಿಮ್ಮ ಕಾಲಿಗೆ ಕಟ್ಟಿರುತ್ತಾರೆ. ಜೋರು ಅಲೆಗೆ ಆ ಹಗ್ಗ ಕಿತ್ತು ಹೋಗಬಹುದು. ಆಗ ಬೋರ್ಡ್ ದಡ ಸೇರುತ್ತೆ, ನೀವು ನೀರಲ್ಲೇ ಉಳಿಯುತ್ತೀರಿ. ಸರ್ಫಿಂಗ್‌ನಲ್ಲಿ ಸಾಮಾನ್ಯವಾಗಿ ಲೈಫ್ ಜಾಕೆಟ್ ಹಾಕುವುದಿಲ್ಲ ಅನ್ನುವುದೂ ನೆನಪಿರಲಿ. ಆದ್ದರಿಂದ ಬೋರ್ಡನ್ನು ಆಟದ ಸಾಮಾನು ಅಂದುಕೊಳ್ಳಿ, ಜೀವರಕ್ಷಕ ಅಂದುಕೊಳ್ಳಬೇಡಿ.

ನಮ್ಮ ಸಲಹೆ ಇಷ್ಟು: ಎಲ್ಲೂ ನಿಲ್ಲದೆ 200 ಮೀಟರ್ ಈಜಲು, ಕಾಲು ಊರದೆ ಹತ್ತು ನಿಮಿಷ ತೇಲಲು ಬರುವವರೆಗೆ ಕ್ಯಾಂಪ್‌ಗೆ ದುಡ್ಡು ಕಟ್ಟಬೇಡಿ. ಈಜುಕೊಳದಲ್ಲಿ ಯಾರಾದರೂ ನೋಡುತ್ತಿರುವಾಗ ಪರೀಕ್ಷೆ ಮಾಡಿಕೊಳ್ಳಿ.

ನಂಬಿಕೆ 3: ಯಾವ ತಿಂಗಳಾದರೂ ಒಂದೇ

ಕೆರೆಗೆ ಕಲ್ಲು ಎಸೆದರೆ ಅಲೆ ಹರಡಿ ಆಚೆ ದಡ ಮುಟ್ಟುತ್ತೆ. ಸಮುದ್ರದಲ್ಲೂ ಹಾಗೇ. ದಕ್ಷಿಣದ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ, ಹಲವು ದಿನಗಳ ನಂತರ ಭಾರತ, ಶ್ರೀಲಂಕಾ, ಬಾಲಿಯ ದಡಕ್ಕೆ ಬರುತ್ತವೆ. ಅದಕ್ಕೇ ದಡದಲ್ಲಿ ಗಾಳಿಯೇ ಇಲ್ಲದ ದಿನವೂ ದೊಡ್ಡ ಅಲೆ ಬರಬಹುದು. ಇದರ ಮೇಲೆ ಆಯಾ ಊರಿನ ಗಾಳಿ ಸೇರುತ್ತೆ. ಗಾಳಿ ದಡದಿಂದ ಸಮುದ್ರಕ್ಕೆ ಬೀಸಿದರೆ ಅಲೆ ನೀಟಾಗಿ ಎದ್ದು ನಿಲ್ಲುತ್ತೆ, ಸಮುದ್ರದಿಂದ ದಡಕ್ಕೆ ಬೀಸಿದರೆ ಕಲಸುಮೇಲೋಗರ.

ಈ ಗಾಳಿ ಋತುವಿಗೆ ತಕ್ಕಂತೆ ದಿಕ್ಕು ಬದಲಿಸುತ್ತೆ. ಅದಕ್ಕೇ ಒಂದೇ ದೇಶದಲ್ಲಿ ಒಂದು ಕರಾವಳಿಗೆ ಸೀಸನ್ ಇದ್ದಾಗ ಇನ್ನೊಂದಕ್ಕೆ ಇರುವುದಿಲ್ಲ.

• ಶ್ರೀಲಂಕಾ: ವೆಲಿಗಾಮ, ಹಿಕ್ಕಡುವ ಇರುವ ದಕ್ಷಿಣ ಮತ್ತು ಪಶ್ಚಿಮ ಕರಾವಳಿಗೆ ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಅರುಗಂ ಬೇ ಇರುವ ಪೂರ್ವ ಕರಾವಳಿಗೆ ಮೇನಿಂದ ಸೆಪ್ಟೆಂಬರ್. ವೆಲಿಗಾಮದಲ್ಲಿ ತಳ ಮರಳು, ಹೊಸಬರು ಅಲ್ಲಿಗೆ ಹೋಗುವುದು ಅದಕ್ಕೇ.

• ಬಾಲಿ: ಪಶ್ಚಿಮ ದಡಕ್ಕೆ ಏಪ್ರಿಲ್‌ನಿಂದ ಅಕ್ಟೋಬರ್. ಕುಟಾದಲ್ಲಿ ಮರಳಿನ ತಳ. ರೀಲ್ಸ್‌ನಲ್ಲಿ ಮಿಂಚುವ ಉಲುವಾಟು ಹವಳದ ಬಂಡೆಯ ಮೇಲಿನ ಅಲೆ, ಅದು ಅನುಭವಿಗಳ ಜಾಗ.

• ಮಾಲ್ಡೀವ್ಸ್: ಹೆಚ್ಚಿನ ಹೆಸರುವಾಸಿ ಅಲೆಗಳು ಹವಳದ ಮೇಲೇ ಒಡೆಯುತ್ತವೆ. ಮೊದಲ ಪಾಠಕ್ಕೆ ಸರಿಯಾದ ಜಾಗವಲ್ಲ.

ಅಂದರೆ ಜುಲೈನಲ್ಲಿ ವೆಲಿಗಾಮ ಪ್ಯಾಕೇಜ್ ಅರ್ಧ ರೇಟಿಗೆ ಸಿಕ್ಕರೆ ಅದು ಸುಮ್ಮನೆ ಅಗ್ಗವಾಗಿರುವುದಲ್ಲ. ಸೀಸನ್ ಅಲ್ಲ, ಅದಕ್ಕೇ ಅಗ್ಗ.

ನಂಬಿಕೆ 4: ಕಲಿಯಲು ವಿದೇಶಕ್ಕೇ ಹೋಗಬೇಕು

ಬೇಕಿಲ್ಲ. ಮಂಗಳೂರಿನಿಂದ ಸುಮಾರು 30 ಕಿಲೋಮೀಟರ್ ಉತ್ತರಕ್ಕಿರುವ ಮೂಲ್ಕಿಯಲ್ಲಿ 2004ರಿಂದಲೇ ಸರ್ಫಿಂಗ್ ಇದೆ. ಅಲ್ಲಿನ ಮಂತ್ರ ಸರ್ಫ್ ಕ್ಲಬ್ ಭಾರತದ ಮೊದಲ ಸರ್ಫಿಂಗ್ ಕ್ಲಬ್‌ಗಳಲ್ಲಿ ಒಂದು. ಅಲ್ಲೇ ಹತ್ತಿರದ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆಯುತ್ತೆ. ದೇಶದ ದೊಡ್ಡ ಸರ್ಫರ್‌ಗಳು ಬರುವುದು ನಮ್ಮ ಕರಾವಳಿಗೇ.

ಆದರೆ ಒಂದು ಮಾತು. ಆ ಸ್ಪರ್ಧೆ ಸಾಮಾನ್ಯವಾಗಿ ಮೇ ಕೊನೆ, ಜೂನ್ ಮೊದಲಿಗೆ ಇರುತ್ತೆ. ಮುಂಗಾರಿಗೆ ಮುಂಚೆ ಅಲೆ ದೊಡ್ಡದಾಗುವ ಕಾಲ ಅದು, ಪರಿಣತರಿಗೆ ಹಬ್ಬ. ಅದರ ವೀಡಿಯೋ ನೋಡಿ ಅದೇ ವಾರ ಕಲಿಯಲು ಹೋಗಬೇಡಿ. ಮುಂಗಾರಿನ ಕಡಲು ಹೊಸಬರಿಗಲ್ಲ. ಮಳೆ ಮುಗಿದ ಮೇಲೆ, ಅಕ್ಟೋಬರ್ ಕೊನೆಯಿಂದ ಬೇಸಿಗೆಯವರೆಗೆ ಕಡಲು ಶಾಂತವಾಗಿದ್ದಾಗ ಹೋಗಿ. ಹೊರಡುವ ಮುನ್ನ ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಹೊರಡಿಸುವ ಎತ್ತರದ ಅಲೆಗಳ ಎಚ್ಚರಿಕೆ ನೋಡಿ.

ಎರಡು ದಿನ ಮೂಲ್ಕಿಯಲ್ಲಿ ಕಲಿತು ನೋಡಿದರೆ, ಈ ಆಟ ನಿಮಗೆ ಹಿಡಿಸುತ್ತಾ ಇಲ್ಲವಾ ಗೊತ್ತಾಗುತ್ತೆ. ಹಿಡಿಸದಿದ್ದರೆ ವಿದೇಶದ ಖರ್ಚು ಉಳಿಯಿತು. ಹಿಡಿಸಿದರೆ ಅಲ್ಲಿಗೆ ಹೋದಾಗ ಅರ್ಧ ಪಾಠ ಮುಗಿದಿರುತ್ತೆ.

ಮೈಗೆ ಆಗುವ ಅಪಾಯಗಳು

ಶಾರ್ಕ್ ಭಯ ಎಲ್ಲರಿಗೂ. ಆದರೆ ಸರ್ಫಿಂಗ್‌ನಲ್ಲಿ ಹೆಚ್ಚು ಗಾಯವಾಗುವುದು ಬೋರ್ಡಿನಿಂದಲೇ. ಅದರ ಅಡಿಯ ರೆಕ್ಕೆಗಳು ಚೂಪು. ಬಿದ್ದಾಗ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮೇಲೆ ಬನ್ನಿ. ತಲೆ ಮುಂದಾಗಿ ಧುಮುಕಬೇಡಿ, ನೀರು ಕಡಿಮೆ ಇದ್ದರೆ ಕುತ್ತಿಗೆಗೆ ಅಪಾಯ.

ಇನ್ನೊಂದು ಅಪರೂಪದ, ಆದರೆ ಗಂಭೀರ ತೊಂದರೆ ಇದೆ. ಅದರ ಹೆಸರು ಸರ್ಫರ್ಸ್ ಮೈಲೋಪತಿ. 2004ರಲ್ಲಿ ಹವಾಯಿಯ ವೈದ್ಯರು ಇದನ್ನು ಮೊದಲು ವರದಿ ಮಾಡಿದರು. ವಿಚಿತ್ರ ಎಂದರೆ ಇದು ಬರುವುದು ಹೆಚ್ಚಾಗಿ ಮೊದಲ ಸಲ ಬೋರ್ಡ್ ಹತ್ತಿದವರಿಗೆ. ಬೋರ್ಡಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಬೆನ್ನನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿಸಿ ಬಹಳ ಹೊತ್ತು ಇದ್ದಾಗ ಬೆನ್ನುಹುರಿಗೆ ರಕ್ತ ಕಡಿಮೆಯಾಗುತ್ತೆ. ಹಠಾತ್ ಬೆನ್ನುನೋವು, ಕಾಲು ಜೋಮು, ಕಾಲಲ್ಲಿ ಶಕ್ತಿ ಇಲ್ಲದಿರುವುದು ಇದರ ಲಕ್ಷಣ. ಹೀಗಾದರೆ ನೀರಿನಿಂದ ತಕ್ಷಣ ಹೊರಗೆ ಬಂದು ನೇರ ಆಸ್ಪತ್ರೆಗೆ ಹೋಗಿ. "ಸ್ವಲ್ಪ ಉಳುಕಿರಬೇಕು" ಅಂತ ಮಲಗಬೇಡಿ. ಬರದಂತೆ ತಡೆಯಲು ನಡುನಡುವೆ ಎದ್ದು ಕೂರಿ, ನೀರು ಕುಡಿಯುತ್ತಿರಿ.

ದುಡ್ಡು ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ನಾವು ಬರುವ ತಿಂಗಳಲ್ಲಿ ನಿಮ್ಮ ದಡದಲ್ಲಿ ಹೊಸಬರಿಗೆ ಪಾಠ ನಡೆಯುತ್ತಾ? ತಳ ಮರಳೋ, ಹವಳವೋ?

2. ಕೋಚ್‌ಗೆ ಇಂಟರ್‌ನ್ಯಾಷನಲ್ ಸರ್ಫಿಂಗ್ ಅಸೋಸಿಯೇಷನ್ ಥರದ ಸಂಸ್ಥೆಯ ಪ್ರಮಾಣಪತ್ರ ಇದೆಯಾ? ನೀರಿನಲ್ಲಿ ಜೀವ ಉಳಿಸುವ ತರಬೇತಿ ಆಗಿದೆಯಾ?

3. ಒಬ್ಬ ಕೋಚ್‌ಗೆ ಎಷ್ಟು ಜನ? ಎಂಟಕ್ಕಿಂತ ಹೆಚ್ಚು ಅಂದರೆ ಬೇರೆ ಕ್ಯಾಂಪ್ ನೋಡಿ.

4. ನೀರಿಗೆ ಇಳಿಸುವ ಮುನ್ನ ನಮ್ಮ ಈಜು ಪರೀಕ್ಷೆ ಮಾಡುತ್ತೀರಾ? "ಅದೆಲ್ಲ ಬೇಡ" ಅಂದರೆ ಆ ಕ್ಯಾಂಪೇ ಬೇಡ.

5. ಸಮುದ್ರ ಕೆಟ್ಟಿದ್ದ ದಿನ ಪಾಠ ರದ್ದು ಮಾಡುತ್ತೀರಾ? ದುಡ್ಡು ವಾಪಸ್ ಕೊಡುತ್ತೀರಾ? ರದ್ದು ಮಾಡುವ ಕ್ಯಾಂಪೇ ಒಳ್ಳೆಯ ಕ್ಯಾಂಪ್.

6. ಹತ್ತಿರದ ಆಸ್ಪತ್ರೆ ಎಷ್ಟು ದೂರ?

ಕೊನೆಯ ಪ್ರಶ್ನೆ ನಿಮ್ಮ ವಿಮೆ ಕಂಪನಿಗೆ. ಟ್ರಾವೆಲ್ ಇನ್ಶೂರೆನ್ಸ್ ಇದೆ ಅಂದ ಮಾತ್ರಕ್ಕೆ ಸರ್ಫಿಂಗ್ ಗಾಯ ಅದರಲ್ಲಿ ಸೇರಿರುತ್ತೆ ಅಂತಲ್ಲ. ಎಷ್ಟೋ ಪಾಲಿಸಿಗಳು ಸಾಹಸ ಕ್ರೀಡೆಗಳನ್ನು ಹೊರಗಿಡುತ್ತವೆ. "ಸರ್ಫಿಂಗ್ ಸೇರಿದೆ" ಅಂತ ಬರಹದಲ್ಲಿ ಪಡೆಯಿರಿ. ವಿದೇಶದ ಆಸ್ಪತ್ರೆಯ ಬಿಲ್ಲು ಒಂದು ವರ್ಷದ ಕೊಬ್ಬರಿ ದುಡ್ಡನ್ನು ಒಂದೇ ವಾರದಲ್ಲಿ ನುಂಗಬಹುದು.

ಕೊನೆಯದಾಗಿ

ಸಮುದ್ರಕ್ಕೆ ಹೋಗಬೇಡಿ ಅಂತ ನಾವು ಹೇಳುತ್ತಿಲ್ಲ. ಸರಿಯಾದ ತಿಂಗಳು, ಮರಳಿನ ತಳ, ಒಳ್ಳೆಯ ಕೋಚ್ ಇದ್ದರೆ ಇದು ಖುಷಿ ಕೊಡುವ ಆಟ. ಜೊತೆಗೆ ಬಂದವರು ಯಾರಾದರೂ ಸೆಳೆತಕ್ಕೆ ಸಿಕ್ಕರೆ ಹಿಂದೆಯೇ ಹಾರಬೇಡಿ. ಲೈಫ್‌ಗಾರ್ಡ್ ಕರೆಯಿರಿ, ನಮ್ಮ ದೇಶದಲ್ಲಾದರೆ 112ಕ್ಕೆ ಫೋನ್ ಮಾಡಿ, ಖಾಲಿ ಕ್ಯಾನ್, ಬೋರ್ಡ್, ತೇಲುವ ಏನನ್ನಾದರೂ ಎಸೆಯಿರಿ. ಕಾಪಾಡಲು ಹೋದವರೇ ಮುಳುಗಿದ ಸುದ್ದಿಗಳನ್ನು ನಾವು ಪ್ರತಿ ವರ್ಷ ಓದುತ್ತಲೇ ಇದ್ದೇವೆ.

ಮುಂದಿನ ಸಲ ಗ್ರೂಪಿಗೆ "ಈಜು ಬೇಕಿಲ್ಲ, ಬೋರ್ಡ್ ಸಾಕು" ಅಂತ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಕಳಿಸಲೇಬೇಕು ಅನ್ನಿಸಿದರೆ ಇಷ್ಟು ಕಳಿಸಿ: ಸೆಳೆತಕ್ಕೆ ಸಿಕ್ಕರೆ ದಡಕ್ಕೆ ಈಜಬೇಡಿ, ತೆಂಗಿನಕಾಯಿಯ ಹಾಗೆ ತೇಲಿ, ಕೈ ಬೀಸಿ, ಪಕ್ಕಕ್ಕೆ ಈಜಿ.